ಹೂಂ ಅಂದ ತಪ್ಪಿಗೆ

"ಹೂಂ ಅನ್ನ, ಬೋಸುಡಿ. ಬಾಯಾಗ ಏನ್ ಇಟಗೊಂಡಿ?"

ಎಲೆ ಅಡಿಕೆ ಜಗಿಯುತ್ತ ಹೀಗೆ ಬೈದವನು ಮುಕಾದಮ ಸಿದ್ದಲಿಂಗಪ್ಪ. ಬೈಸಿಕೊಂಡವಳು ನನ್ನ ತಂಗಿ ಶರಣವ್ವ. ಪರೇಲಿನ ನಮ್ಮ ಚಾಳಿನ ಗ್ಯಾಲರಿಯಲ್ಲಿ ಐತವಾರ ಮಧ್ಯಾಹ್ನ ಪುರಾಣ ನಡೆದಿತ್ತು. ನಮ್ಮ ಬೆಳಗಾವಿ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ವರ್ಷ ಅದು. ನಮ್ಮ ಪಾಲಿಗೆ ಮಾತ್ರ ಮುಕಾದಮನದೇ ರಾಜ್ಯ. ಬಟ್ಟೆ ಗಿರಣಿಯಲ್ಲಿ ಕೆಲಸ ಕೊಡಿಸುವವನೂ ಅವನೇ, ಬಿಡಿಸುವವನೂ ಅವನೇ, ಪುರಾಣ ಹಚ್ಚಿಸಿದವನೂ ಅವನೇ.

ಪುರಾಣ ಹೇಳುವಾಗ ಎದುರಿಗೆ ಒಬ್ಬರು ಕೂತು ಮಾತುಮಾತಿಗೆ ಹೂಂಗುಟ್ಟಬೇಕು. ಇಲ್ಲದಿದ್ದರೆ ಕಥೆ ಮುಂದೆ ಹೋಗುವುದಿಲ್ಲ. ಆವತ್ತು ಬೇಕೆಂದೇ ಶರಣವ್ವನನ್ನು ಕೂಡಿಸಿದ್ದರು. ಗಂಡ ಸಂಗಪ್ಪ ಹೊಟ್ಟೆಗೆ ಒದ್ದು ಬಸಿರು ಇಳಿದ ಮೇಲೆ ಅವಳು ಬೈಕುಲ್ಲಾದಿಂದ ನನ್ನ ಖೋಲಿಗೆ ಓಡಿಬಂದಿದ್ದಳು. ರಕ್ತ ಇನ್ನೂ ನಿಂತಿರಲಿಲ್ಲ. ಸಂಗಪ್ಪ ಹಿಂದೆ ಗೋಡೆಗೊರಗಿ ಬೀಡಿ ಸೇದುತ್ತಿದ್ದ.

ಪುರಾಣ ಹೇಳುವ ಚನ್ನಬಸಯ್ಯನವರು ಪುಸ್ತಕ ನೋಡಿ ರಾಗವಾಗಿ ಓದಿ, ಆಮೇಲೆ ಅರ್ಥ ಹೇಳಿದರು. "ಗಂಡ ಸಿಟ್ಟಿಲೆ ಒದ್ದ. ಆ ಪತಿವ್ರತಿ ಏನ್ ಮಾಡಿದ್ಲು? 'ನಿಮ್ಮ ಕಾಲು ನೊಂದಿತೇ' ಅಂತ ಕಾಲ ಒತ್ತಿದ್ಲು."

"ಹೂಂ."

"ಒತ್ತಿ, ಅವನ ಬೆನ್ನಹಿಂದ ಮನಿಗೆ ಹ್ವಾದ್ಲು."

"ಹೂಂ."

"ಹಂಗ ನೀನೂ ಹೋಗ್ತಿ."

"ಹೂಂ."

ರೂಢಿಯ ಬಾಯಿ, ಅಂದುಬಿಟ್ಟಿತು.

"ಆತಲ್ಲ. ಪುರಾಣದ ಮುಂದ ಒಪ್ಪ್ಯಾಳ," ಎಂದು ಸಿದ್ದಲಿಂಗಪ್ಪ ತೊಡೆ ತಟ್ಟಿದ. ಸಂಗಪ್ಪ ಬೀಡಿ ಹೊಸಕಿ ಎದ್ದ. ಶರಣವ್ವ ತಿರುಗಿ ನನ್ನ ಮುಖ ನೋಡಿದಳು.

ನಾನು ಎದ್ದು ನಿಂತೆ. "ಅಯ್ಯಾರ, ಅವನ ಕಾಲು ನೊಂದಿದ್ದು ಬರದಾರ. ಅಕಿ ಹೊಟ್ಟಿ ನೊಂದಿದ್ದು ಯಾವ ಪುಟದಾಗೈತಿ? ಓದ್ರಿ, ಕೇಳತೀವಿ."

ಅವರು ಹಾಳೆ ತಿರುವಿದಂತೆ ಮಾಡಿದರು. "ಅದನ್ನ ಬರದಿಲ್ಲ, ಯವ್ವಾ. ಬರಿಯೂದು ಬೇಕಾಗಿಲ್ಲ."

"ಹಂಗಾರ ಇದು ಅಕಿ ಕಥಿ ಅಲ್ಲ, ಒದ್ದಾವನ ಕಥಿ. ಇದಕ್ಕ ನಮ್ಮ ಹುಡುಗಿ ಯಾಕ ಹೂಂ ಅನ್ಬೇಕು?"

"ಏ ನಾಗಿ, ರಂಡಿ, ಪುರಾಣಕ್ಕ ಎದರ ಮಾತಾಡ್ತಿ?" ಎಂದ ಮುಕಾದಮ. "ನಾಳಿಂದ ನೀ ಗಿರಣಿ ಗೇಟ್ ದಾಟೂದ ಹೆಂಗ ನೋಡ್ತೀನಿ."

ಪುರಾಣ ಕೇಳಲು ಕೂತಿದ್ದ ಚಾಳಿನ ಹೆಂಗಸರೆಲ್ಲ ತಲೆ ತಗ್ಗಿಸಿದರು. ಅವರನ್ನು ಬೈಯಲಾರೆ. ಎಲ್ಲರ ಅನ್ನವೂ ಅವನ ಕೈಯಲ್ಲೇ ಇತ್ತು.

ಸಂಗಪ್ಪ ಶರಣವ್ವನ ತುರುಬಿಗೆ ಕೈಹಾಕಿ ಮೆಟ್ಟಿಲ ಕಡೆ ಎಳೆದ. "ಒಲ್ಲೆ, ನಾ ಒಲ್ಲೆ ಯಕ್ಕಾ," ಅಂದಳು. ಅದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಮೆಟ್ಟಿಲ ಮೇಲೆ ಬಿದ್ದವಳು ಪಕ್ಕದ ಕಟಾಂಜನದ ಕಂಬಿಯ ಬುಡವನ್ನು ಗಟ್ಟಿಯಾಗಿ ಹಿಡಿದುಕೊಂಡಳು. ನಾನೂ ಅಲ್ಲೇ ಕುಕ್ಕರಿಸಿ, ಅವಳ ಕೈಗಳ ಮೇಲೆ ನನ್ನ ಕೈ ಒತ್ತಿ ಹಿಡಿದೆ. ಸಂಗಪ್ಪ ಚಪ್ಪಲಿಗಾಲು ಎತ್ತಿ ನನ್ನ ಬೆರಳುಗಳ ಮೇಲೆ ತುಳಿದ. ಏನೋ ಮುರಿದದ್ದು ಕೇಳಿಸಿತು. ಗಿರಣಿಯಲ್ಲಿ ನೂಲು ಹಿಡಿಯುವ ಬೆರಳು ಅವು.

ನಾನು ಬಿಡಲಿಲ್ಲ. ಅವನು ಮತ್ತೆ ಕಾಲೆತ್ತಿದ.