ಮಹಾದೇವಕ್ಕನ ಕೊಡದ ನೀರು

ಮುಂಬಯಿ ಬಳಿಯ ಡೊಂಬಿವಲಿಯಲ್ಲಿ, ಸಾಲುಮನೆಗಳ ಆ ಚಾಳಿಗೆ ಸಿದ್ದಲಿಂಗಪ್ಪ ಅಂದರೆ ಅರ್ಧ ಡಾಕ್ಟರ್. ಬೇಲಾಪುರ ರಸ್ತೆಯ ಕಾರ್ಖಾನೆಯಲ್ಲಿ ಪ್ರಥಮ ಚಿಕಿತ್ಸೆಯ ಪೆಟ್ಟಿಗೆಗೆ ಅವನದೇ ಉಸ್ತುವಾರಿ. ಸುಟ್ಟ ಗಾಯಕ್ಕೆ ನೀರು ತಾಗಿಸಬಾರದು, ಮುಲಾಮು ಸವರಿ ಬಟ್ಟೆ ಕಟ್ಟಬೇಕು ಅಂತ ಚಾಳಿಗೆಲ್ಲ ಪಾಠ ಹೇಳಿದವನೂ ಅವನೇ. ಅವನಿಗೆ ಕಲಿಸಿದವರು ಹಾಗೇ ಕಲಿಸಿದ್ದರು, ಪಾಪ.

ಎಪ್ಪತ್ತೊಂಬತ್ತರ ಬೇಸಿಗೆಯಲ್ಲಿ ಕಾರ್ಖಾನೆಯವರು ಅವನನ್ನು ಠಾಣೆ ಪಟ್ಟಣಕ್ಕೆ ಮತ್ತೆ ತರಬೇತಿಗೆ ಕಳಿಸಿದರು. ಅಲ್ಲಿ ಕಲಿಸುತ್ತಿದ್ದ ಡಾಕ್ಟರಮ್ಮ ಮೊದಲ ಮಾತಿಗೇ, "ಸುಟ್ಟ ತಕ್ಷಣ ತಣ್ಣೀರು ಸುರೀರಿ, ಉರಿ ಇಳಿಯೋವರೆಗೂ ಸುರೀತಾ ಇರಿ. ಮುಲಾಮು, ಎಣ್ಣೆ ಏನೂ ಬೇಡ," ಅಂದುಬಿಟ್ಟರು. ಸಿದ್ದಲಿಂಗಪ್ಪನ ಕಣ್ಣ ಮುಂದೆ ಬಂದದ್ದು ಹೆಂಡತಿ ಮಹಾದೇವಕ್ಕನ ಎಡಗೈ. ಮದುವೆಯಾದ ಹೊಸದರಲ್ಲಿ ಆ ಕೈಮೇಲೆ ಕುದಿಯುವ ಸಾರು ಬಿದ್ದಾಗ, ನೀರಿನ ಕಡೆ ಓಡಿದವಳನ್ನು ತಡೆದು ಮುಲಾಮು ಮೆತ್ತಿದವನು ಇವನೇ. ಇವತ್ತಿಗೂ ಆ ಬೆರಳುಗಳು ಪೂರ್ತಿ ಬಿಚ್ಚುವುದಿಲ್ಲ. "ನಮ್ಮ ಮನಿಯವರಿದ್ದರು, ಅದಕ್ಕ ಇಷ್ಟರ ಉಳೀತು," ಅಂತ ಬಂದವರಿಗೆಲ್ಲ ಹೆಮ್ಮೆಯಿಂದ ತೋರಿಸುತ್ತಾಳೆ. ಇವಳಿಗೆ ಯಾವ ಬಾಯಲ್ಲಿ ಹೇಳುವುದು? ಮನೆಗೆ ಮರಳುವ ರೈಲು ಮುಂಬ್ರಾ ಸ್ಟೇಷನ್ ದಾಟುವಾಗ, ಇವತ್ತೇ ಹೇಳಿಯೇಬಿಡೋಣ ಅಂದುಕೊಂಡ. ಮನೆಯಲ್ಲಿ ಅವಳು ಒಂದೇ ಕೈಯಲ್ಲಿ ರೊಟ್ಟಿ ಬಡಿಯುವುದನ್ನು ಕಂಡು ಬಾಯಿ ಕಟ್ಟಿತು.

ಮುಂದಿನ ಭಾನುವಾರ ಮಧ್ಯಾಹ್ನ, ಪಕ್ಕದ ಮನೆಯ ಲೋಲಾಕ್ಷಿ ಅನ್ನ ಬಸಿಯುವಾಗ ಕುದಿಗಂಜಿ ಕೈಮೇಲೆ ಚೆಲ್ಲಿತು. ರವಿಕೆ ಹೊಲಿದು ಸಂಸಾರ ತೂಗಿಸುವ ಬಲಗೈ!

"ಅಯ್ಯೋ, ಉರಿ ತಡಿಲಿಕ್ಕೆ ಆಗುದಿಲ್ಲ ಮಾರಾಯ್ರೆ!" ಅಂತ ಅವಳು ಬಕೆಟ್ಟಿನ ಕಡೆ ಓಡಿದರೆ, ಎದುರುಮನೆಯ ಸುಶೀಲಾಬಾಯಿ ರಟ್ಟೆ ಹಿಡಿದು ನಿಲ್ಲಿಸಿದಳು.

"ನೀರು ಮುಟ್ಟಬ್ಯಾಡ! ಸಿದ್ದಲಿಂಗಪ್ಪನವರು ಹೇಳ್ಯಾರ!"

ಮುಲಾಮು ಹಿಡಿದುಕೊಂಡು ಮಹಾದೇವಕ್ಕನೂ ಬಂದಳು. ಗಂಡನ ಪಾಠವಲ್ಲವೇ!

ಬಾಗಿಲಲ್ಲಿ ನಿಂತ ಸಿದ್ದಲಿಂಗಪ್ಪ ಲೋಲಾಕ್ಷಿಯ ಕೈ ನೋಡಿದ, ಹೆಂಡತಿಯ ಕೈ ನೋಡಿದ. ಈಗಲೂ ಬಾಯಿ ಮುಚ್ಚಿಕೊಂಡರೆ ಇವನೂ ಒಬ್ಬ ಮನುಷ್ಯನೇ?

"ಆಕಿನ್ನ ಬಿಡ್ರಿ! ನೀರು ಸುರೀರಿ! ನಾ ಹೇಳಿದ್ದು ತಪ್ಪು, ಈಗ ಬ್ಯಾರೆ ಕಲಿಸ್ಯಾರ!"

ಅಂದವನೇ ಚೊಂಬು ಕಸಿದು ಸುರಿಯತೊಡಗಿದ. ಬಕೆಟ್ಟು ನೋಡನೋಡುತ್ತ ಬರಿದಾಯಿತು. ನಳಕ್ಕೆ ನೀರು ಬರುವುದು ಮರುದಿನ ಬೆಳಿಗ್ಗೆಯೇ. ಕುಡಿಯಲು ಹಿಡಿದಿಟ್ಟ ನೀರನ್ನು ಆ ಚಾಳಿನಲ್ಲಿ ಯಾರೂ ಯಾರಿಗೂ ಕೊಟ್ಟವರಲ್ಲ.

ಮಹಾದೇವಕ್ಕ ತನ್ನ ಎಡಗೈಯನ್ನೇ ನೋಡುತ್ತ ನಿಂತಿದ್ದಳು.

"ನಿಮಗ ಯಾವಾಗ ಗೊತ್ತಾತು?"

"ಹ್ವಾದ ವಾರ. ನಿನ್ನ ಮುಖ ನೋಡಿ ಹೇಳಾಕ ಆಗಲಿಲ್ಲ."

ಅವಳು ತಿರುಗಿ ತಮ್ಮ ಮನೆಯೊಳಗೆ ಹೋದಳು. ಮುನಿಸಿಕೊಂಡಳು ಅಂತ ಸಿದ್ದಲಿಂಗಪ್ಪನಿಗೆ ಜೀವವೇ ಹೋದಂತಾಯಿತು. ಅವಳು ಹೊರಗೆ ಬಂದಾಗ ಸೊಂಟದ ಮೇಲೆ ಕುಡಿಯುವ ನೀರು ತುಂಬಿದ ಕೊಡವಿತ್ತು, ಆ ಎಡಗೈಯಲ್ಲೇ ತಬ್ಬಿ ಹಿಡಿದಿದ್ದಳು. ಅದನ್ನು ಕಂಡು ಸುಶೀಲಾಬಾಯಿಯೂ ತನ್ನ ಕೊಡ ತರಲು ಓಡಿದಳು.

ಮಹಾದೇವಕ್ಕ ಕೊಡವನ್ನು ಗಂಡನ ಮುಂದೆ ಇಳಿಸಿದಳು.

"ಅವತ್ತ ನಿಮಗೂ ಗೊತ್ತಿರಲಿಲ್ಲ, ಬಿಡ್ರಿ. ನನ್ನ ಕೈಗೆ ಹಾಕದಿದ್ದ ನೀರೂ ಸೇರಿಸಿ ಈಕಿಗೆ ಸುರೀರಿ."