ಗೇಟಿನ ಪುಸ್ತಕದಲ್ಲಿಲ್ಲದವಳು

ನಮ್ಮ ಇಲಾಖೆಯಲ್ಲಿ ಯೋಚನೆ ಮಾಡುವವರು ಯಾರೂ ಇರಲಿಲ್ಲ. ಬೈಗುಳವೆಂದು ತಿಳಿಯಬೇಡಿ. ಮೂವತ್ತೊಂದು ವರ್ಷ ಅಲ್ಲೇ ಕುರ್ಚಿ ಸವೆಸಿದವನು ನಾನು, ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ಬಂದ ಕಾಗದವನ್ನು ಹೇಗಾದರೂ ಮಾಡಿ ಮೇಜಿನಿಂದ ಇಳಿಸುವುದು, ಅಷ್ಟೇ ನಮ್ಮ ಕಸುಬು. ಆದರೆ ಮೊನ್ನೆ ಕೋರ್ಟಿನಲ್ಲಿ ಕೂತು ಕೇಳಿದೆ, ನಾವೆಲ್ಲ ಹತ್ತೊಂಬತ್ತು ವರ್ಷದಿಂದ ಆಳವಾಗಿ ಚಿಂತಿಸುತ್ತಿದ್ದೆವಂತೆ.

ಚಿಂತನೆ ನಡೆದದ್ದು ಹೀಗೆ. ಆಗ ಹೊಸ ಕಾನೂನೊಂದು ಬಂದಿತ್ತು. ಮಾಡಿಗೆ ಹೊದಿಸುವ ಆಸ್ಬೆಸ್ಟಾಸ್ ಶೀಟಿನ ಕಾರ್ಖಾನೆಯ ಧೂಳಿನಿಂದ ಶ್ವಾಸಕೋಶ ಕೆಟ್ಟವರಿಗೆ ಕೊನೆಯ ತನಕ ಔಷಧಿ, ಆಸ್ಪತ್ರೆ, ಮನೆಯಲ್ಲಿಡುವ ಉಸಿರಾಟದ ಯಂತ್ರ, ಎಲ್ಲವೂ ಸರ್ಕಾರದ್ದೇ. ಆ ಧೂಳು ಕುಡಿದದ್ದು ಕಾರ್ಖಾನೆಯ ಒಳಗೋ ಹೊರಗೋ ಎಂಬುದನ್ನು ಮಾತ್ರ ಕಾನೂನು ಎಲ್ಲೂ ಹೇಳಿರಲಿಲ್ಲ. ಒಳಗೆ ದುಡಿಯದವರು ಅರ್ಜಿ ಹಾಕಿದರೆ ಏನು ಮಾಡುವುದೆಂದು ಶಾಖಾ ಕಚೇರಿಯವರು ಕೇಳಿ ಬರೆದರು. ಅವತ್ತು ನಮ್ಮ ಸಾಹೇಬರು ಊರಿಗೆ ಹೊರಟು ನಿಂತಿದ್ದರು, ಒಂದು ಕೈಯಲ್ಲಿ ಚೀಲ, ಇನ್ನೊಂದರಲ್ಲಿ ಛತ್ರಿ.

“ಏನಾದ್ರೂ ಒಂದು ಬರೆದು ಕೊಡಯ್ಯಾ, ಬಸ್ಸು ತಪ್ಪಿಹೋಗುತ್ತೆ,” ಎಂದರು.

ನಾನು ನಾಲ್ಕು ಸಾಲು ಗೀಚಿದೆ. ಕಾರ್ಖಾನೆಯ ಗೇಟಿನ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಿಗೆ ಮಾತ್ರ ಎಂದು. ಹಾಜರಿ ಪುಸ್ತಕವನ್ನಾದರೆ ಕೂತಲ್ಲೇ ತೆರೆದು ನೋಡಬಹುದು. ಧೂಳು ಎಲ್ಲೆಲ್ಲಿ ಹೋಗಿದೆಯೆಂದು ನೋಡಬೇಕಾದರೆ ಎದ್ದು ಹೋಗಬೇಕಾಗುತ್ತದೆ. ನನ್ನ ತಲೆಗೆ ಹೊಳೆದ ಕಾರಣ ಅದೊಂದೇ. ಸಾಹೇಬರು ನಿಂತೇ ಸಹಿ ಹಾಕಿ, “ನಿನ್ನ ಅಕ್ಷರ ಯಾಕೋ ಹೀಗೆ ಎಡಕ್ಕೆ ವಾಲುತ್ತೆ? ಬಿದ್ದುಗಿದ್ದೀತು ನೋಡ್ಕೋ,” ಎಂದು ನಕ್ಕು ಮೆಟ್ಟಿಲಿಳಿದರು.

ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಆದರೆ ನಮ್ಮಲ್ಲೊಂದು ಪದ್ಧತಿಯಿದೆ. ಪ್ರತಿ ವರ್ಷದ ಮೊದಲ ಕೆಲಸದ ದಿನ ಹಳೆಯ ಸುತ್ತೋಲೆಗಳ ಕಟ್ಟು ಬಿಚ್ಚಿ ಒಂದೊಂದಕ್ಕೂ ‘ಮುಂದುವರಿಸಿದೆ’ ಎಂಬ ಮುದ್ರೆ ಒತ್ತುವುದು. ಓದುವ ಗೋಜಿಗೆ ಯಾರೂ ಹೋಗುವುದಿಲ್ಲ. ನನ್ನ ನಾಲ್ಕು ಸಾಲಿನ ಕೆಳಗೆ ಹದಿನೆಂಟು ಮುದ್ರೆ ಬಿದ್ದವು. ಹದಿನೆಂಟನ್ನೂ ಒತ್ತಿದವನು ನಾನೇ, ಚಹಾ ಕುಡಿಯುತ್ತಾ.

ನನ್ನ ಭಾವ ಆ ಕಾರ್ಖಾನೆಯಲ್ಲೇ ಶೀಟು ಕೊಯ್ಯುತ್ತಿದ್ದರು. ಸಂಜೆ ಮನೆಗೆ ಬಂದರೆ ಹುಬ್ಬಿನವರೆಗೂ ಬಿಳಿ, ಹಿಟ್ಟಿನ ಗಿರಣಿಯಿಂದ ಎದ್ದು ಬಂದವರ ಹಾಗೆ. ಅಕ್ಕ ಹಿತ್ತಲ ಬಾಗಿಲಲ್ಲೇ ಅವರ ಅಂಗಿ ಚಡ್ಡಿ ಇಸಿದುಕೊಂಡು, ಗೋಡೆಗೆ ಪಟಪಟ ಬಡಿದು, ಆಮೇಲೆ ನೀರಿಗೆ ಹಾಕುತ್ತಿದ್ದಳು. ಇಪ್ಪತ್ತಾರು ವರ್ಷ ಹಾಗೆ ಬಡಿದಳು. ಭಾವನ ಹೆಸರು ಗೇಟಿನ ಪುಸ್ತಕದಲ್ಲಿತ್ತು. ಅವರಿಗೆ ಯಂತ್ರ ಸಿಕ್ಕಿತು, ಸಾಯುವಾಗ ಒದ್ದಾಡಲಿಲ್ಲ. ಅಕ್ಕ ಆ ಗೇಟು ದಾಟಿದವಳೇ ಅಲ್ಲ. ಹೋದ ವರ್ಷ ಅವಳಿಗೂ ಅದೇ ಕೆಮ್ಮು ಶುರುವಾಯಿತು. ಅದೇ ಧೂಳು ಎಂದು ವೈದ್ಯರು ಬರೆದುಕೊಟ್ಟರು. ಅರ್ಜಿ ಹಾಕಿದೆವು. ಅರ್ಜಿ ವಾಪಸು ಬಂತು, ಜೊತೆಗೆ ನನ್ನದೇ ನಾಲ್ಕು ಸಾಲನ್ನು ಟೈಪು ಮಾಡಿಸಿ ಕಳಿಸಿದ್ದರು.

ಅದನ್ನು ಎರಡೆರಡು ಸಲ ಓದಿದೆ. ಬರೆದವನು ನಾನೇ ಎಂದು ಅಕ್ಕನಿಗೆ ಹೇಳಿಬಿಡಬೇಕಿತ್ತು, ಹೇಳಲಿಲ್ಲ. “ಕೋರ್ಟಿಗೆ ಹೋಗೋಣ ಅಕ್ಕಾ, ಅವರು ಕಾನೂನು ಓದಿದವರು, ಸರಿಯಾಗಿ ನೋಡ್ತಾರೆ,” ಎಂದೆ. ವಕೀಲೆಯನ್ನು ಹುಡುಕಿಕೊಟ್ಟವನೂ ನಾನೇ. ಅಷ್ಟಕ್ಕೇ ಭಾರೀ ಒಳ್ಳೆಯ ತಮ್ಮನಾದೆ ಎಂದು ಬೀಗಿದೆ.

ನನಗೂ ಒಂದು ಲೆಕ್ಕಾಚಾರವಿತ್ತು. ಇಲಾಖೆಯ ವಿರುದ್ಧ ತಾನಾಗಿ ಹೋಗಿ ಬಾಯಿಬಿಟ್ಟ ನೌಕರನನ್ನು ಕೆಲಸದಿಂದ ಕಿತ್ತುಹಾಕುತ್ತಾರೆ, ಪಿಂಚಣಿಯೂ ಇಲ್ಲ. ಕೋರ್ಟೇ ಸಾಕ್ಷಿಗೆ ಕರೆಸಿದರೆ ಬೇರೆ ಮಾತು, ಆಗ ಯಾರೂ ಅವನ ಕೂದಲು ಕೊಂಕಿಸುವಂತಿಲ್ಲ. ನನಗೆ ಉಳಿದದ್ದು ಇನ್ನೆರಡು ವರ್ಷ. ಬರೆದವನು ಯಾರೆಂದು ಕೋರ್ಟು ಹೇಗೂ ಕೇಳುತ್ತದೆ, ಕರೆಸಲಿ, ನಿಂತು ಎಲ್ಲ ಹೇಳುತ್ತೇನೆ ಎಂದು ಕಾದೆ. ಬಸ್ಸಿನ ಕಥೆ, ಛತ್ರಿಯ ಕಥೆ, ಮುದ್ರೆಯ ಕಥೆ, ಎಲ್ಲವನ್ನೂ ಸ್ನಾನ ಮಾಡುವಾಗ ಬಾಯಿಪಾಠ ಮಾಡಿಕೊಳ್ಳುತ್ತಿದ್ದೆ.

ತೀರ್ಪು ಬರುವ ತನಕ ಯಂತ್ರ ಕೊಡಿ ಎಂದು ಕೋರ್ಟು ಮೊದಲೇ ಹೇಳಿತ್ತು. ಅಕ್ಕ ಅದನ್ನು ಹಾಸಿಗೆಯ ಪಕ್ಕದಲ್ಲಿಟ್ಟುಕೊಂಡು, “ಇದೊಂದು ಗೊರಕೆ ಹೊಡೆಯೋ ಗಂಡ,” ಎಂದು ತಮಾಷೆ ಮಾಡುತ್ತಿದ್ದಳು. ಅದು ಬಂದಮೇಲೆ ಅಡುಗೆಮನೆಯವರೆಗೆ ನಡೆಯುವಂತಾಗಿದ್ದಳು.

ಕೊನೆಯ ವಿಚಾರಣೆಯ ದಿನ ಅಕ್ಕ ಮುಂದಿನ ಬೆಂಚಿನಲ್ಲಿ ಕೂತಿದ್ದಳು, ನಾನು ಎಲ್ಲರಿಗಿಂತ ಹಿಂದೆ. ನಮ್ಮ ವಕೀಲೆ ಚೆನ್ನಾಗಿಯೇ ವಾದಿಸಿದರು. ಕಾನೂನು ರೋಗಕ್ಕೆ ಮದ್ದು ಕೊಡಲು ಬಂದದ್ದು, ಗೇಟು ಕಾಯಲು ಬಂದದ್ದಲ್ಲ, ಇಲಾಖೆ ಹೇಳಿದ್ದನ್ನು ಬದಿಗಿಟ್ಟು ತಾವೇ ಕಾನೂನನ್ನು ಓದಿ ನೋಡಬೇಕು ಎಂದರು.

ನ್ಯಾಯಾಧೀಶರು ಕೆಟ್ಟವರಲ್ಲ. ಕನ್ನಡಕ ತೆಗೆದು ಒರೆಸಿಕೊಂಡು ಮೆಲ್ಲಗೆ ಹೇಳಿದರು. “ಕಾನೂನು ಸ್ಪಷ್ಟವಾಗಿದ್ದರೆ ನಾನು ಯಾರ ಮಾತೂ ಕೇಳಬೇಕಿಲ್ಲ ತಾಯಿ. ಇಲ್ಲಿ ಅದು ಸುಮ್ಮನಿದೆ. ಎರಡು ಥರ ಓದಬಹುದು. ಆ ಎರಡರಲ್ಲಿ ಒಂದನ್ನು ಇಲಾಖೆ ಯೋಚಿಸಿ ಆರಿಸಿಕೊಂಡಿದೆ. ಅವರ ಹತ್ತಿರ ವೈದ್ಯರಿದ್ದಾರೆ, ಎಂಜಿನಿಯರ್‌ಗಳಿದ್ದಾರೆ. ಹತ್ತೊಂಬತ್ತು ವರ್ಷ ಪ್ರತಿ ವರ್ಷವೂ ಮರುಪರಿಶೀಲಿಸಿ ಮುಂದುವರಿಸಿದ್ದಾರೆ. ಅದನ್ನು ತಳ್ಳಿಹಾಕೋಕೆ ನಾನ್ಯಾರು? ಯೋಚಿಸದೇ ಬರೆದರು ಅನ್ನೋಕೆ ನಿಮ್ಮಲ್ಲಿ ಏನಾದರೂ ಸಾಕ್ಷಿ ಇದೆಯಾ?”

ವಕೀಲೆ ತಿರುಗಿ ಅಕ್ಕನ ಮುಖ ನೋಡಿದರು. ಅಕ್ಕ ಇಲ್ಲವೆಂದು ತಲೆಯಾಡಿಸಿದಳು. ಸುಸ್ತಾಗಿದ್ದಾಳೆ, ಸಾಕು ಅನ್ನುತ್ತಿದ್ದಾಳೆ ಎಂದುಕೊಂಡೆ ನಾನು.

“ಇಲ್ಲ ಸ್ವಾಮಿ,” ಎಂದರು ವಕೀಲೆ.

ಸಾಕ್ಷಿ ಹನ್ನೆರಡು ಹೆಜ್ಜೆ ಹಿಂದೆ ಕೂತು ತನ್ನ ಚೀಲದ ಜಿಪ್ಪು ಎಳೆದಾಡುತ್ತಿತ್ತು. ಎದ್ದುನಿಂತು ಒಂದು ಕೂಗು ಹಾಕಿದ್ದರೆ ಆಗುತ್ತಿತ್ತು. ನಾನು ಏಳಲಿಲ್ಲ. ನಾಚಿಕೆಯಾಗುತ್ತದೆ ಇದನ್ನು ಬರೆಯಲು.

ತೀರ್ಪು ಹದಿನೇಳು ಪುಟ. ಇಲಾಖೆಯ ಪರಿಣತಿ, ಇಲಾಖೆಯ ದೀರ್ಘ ಅನುಭವ ಎಂದು ನನ್ನ ನಾಲ್ಕು ಸಾಲಿಗೆ ಹೂಮಾಲೆ ಹಾಕಿದ್ದರು. ಅವಸರದಲ್ಲಿ ಬರೆದದ್ದೆಂದು ಯಾರೂ ತೋರಿಸಿಲ್ಲವಾದ್ದರಿಂದ ಅರ್ಜಿ ವಜಾ ಎಂದಿತ್ತು ಕೊನೆಯ ಪುಟ. ಮೇಲಿನ ಕೋರ್ಟಿಗೆ ಹೋಗಬಹುದಾ ಎಂದು ವಕೀಲೆಯನ್ನು ಕೇಳಿದೆ. ಹೋಗಬಹುದು, ಆದರೆ ಇಲ್ಲಿ ಹೇಳಬಹುದಾಗಿದ್ದೂ ಹೇಳದ ಸಾಕ್ಷಿಯನ್ನು ಅಲ್ಲಿ ಹೊಸದಾಗಿ ತೆಗೆದುಕೊಳ್ಳುವುದಿಲ್ಲ ಎಂದು, ನನ್ನನ್ನೇ ದಿಟ್ಟಿಸಿ ನೋಡುತ್ತಾ ಹೇಳಿದರು. ಆ ಯಂತ್ರವನ್ನೂ ಔಷಧಿಯನ್ನೂ ಕೊಂಡು ನಡೆಸುವ ತಾಕತ್ತು ನಮ್ಮೆರಡು ಮನೆ ಸೇರಿದರೂ ಇರಲಿಲ್ಲ.

ಸೋಮವಾರ ಯಂತ್ರ ಒಯ್ಯಲು ಇಬ್ಬರು ಬರುವವರಿದ್ದರು. ನಾನು ಅವರಿಗಿಂತ ಒಂದು ಗಂಟೆ ಮೊದಲೇ ಹೋದೆ. ಅಕ್ಕ ಮಂಚದ ಮೇಲೆ ದಿಂಬಿಗೆ ಒರಗಿದ್ದಳು. ಅವಳ ಕಾಲ ಬಳಿ ಕೂತು ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿಬಿಟ್ಟೆ.

ಅಕ್ಕ ಮೂಗಿನ ನಳಿಗೆ ಸರಿಪಡಿಸಿಕೊಂಡಳು. “ಗೊತ್ತಿತ್ತು ಕಣೋ.”

“ಏನು ಗೊತ್ತಿತ್ತು?”

“ಕೇಸಿನ ಕಾಗದದ ಜೊತೆ ಮೂಲದ ಜೆರಾಕ್ಸ್ ಬಂದಿತ್ತಲ್ಲ. ನೋಡಿದ ತಕ್ಷಣ ಗೊತ್ತಾಯ್ತು. ಎಡಗೈಯವಳು ನಾನು, ನಿನ್ನ ಕೈ ಹಿಡಿದು ಅಕ್ಷರ ತಿದ್ದಿಸಿದೆ, ಎಲ್ಲ ಎಡಕ್ಕೆ ವಾಲಿಹೋದವು. ಅಮ್ಮ ಅದಕ್ಕೇ ನನ್ನ ಬೈತಿದ್ಲು.”

“ಮತ್ತೆ ಕೋರ್ಟಲ್ಲಿ ಯಾಕೆ ಹೇಳ್ಲಿಲ್ಲ?” ಎಂದೆ.

“ವಕೀಲಮ್ಮನಿಗೆ ಹೇಳಿದ್ದೆ. ನಿನ್ನ ಕರೆಸ್ತೀನಿ ಅಂತ ಹಟ ಹಿಡಿದ್ರು. ನಾನೇ ಬೇಡ ಅಂದೆ. ಇನ್ನೆರಡು ವರ್ಷ ಇದೆ, ಅವನ ಅನ್ನಕ್ಕೆ ಕಲ್ಲು ಹಾಕೋದು ಬೇಡ ಅಂದೆ.”

“ಅಕ್ಕಾ, ಕರೆಸಿದ್ರೆ ನನಗೇನೂ ಆಗ್ತಿರಲಿಲ್ಲ. ಕರೆಸಲಿ ಅಂತಲೇ ನಾನು ಕಾಯ್ತಿದ್ದೆ.”

ಅವಳು ದಿಂಬಿನಿಂದ ಎದ್ದು ಕೂತಳು. ಬೈದಿದ್ದರೆ ಚೆನ್ನಾಗಿತ್ತು.

“ಅದನ್ನ ಒಂದು ಸಲ ಬಾಯಿಬಿಟ್ಟು ಹೇಳೋಕೇನಾಗಿತ್ತೋ ನಿನಗೆ?” ಎಂದಳು.

ಹೊರಗೆ ವ್ಯಾನು ನಿಂತಿತು. ಬಂದವರಿಬ್ಬರೂ ಚಪ್ಪಲಿ ಬಿಟ್ಟು ಒಳಬಂದರು. ಒಬ್ಬ, “ತಪ್ಪು ತಿಳ್ಕೋಬೇಡಿ ಅಮ್ಮಾ,” ಎನ್ನುತ್ತಾ ರಶೀದಿ ಚಾಚಿದ. ಅಕ್ಕ ಎಡಗೈಯಲ್ಲಿ ಪೆನ್ನು ಹಿಡಿದಳು, ಗೆರೆ ಎತ್ತಲೋ ಹೋಯಿತು. ನಾನು ಅವಳ ಕೈ ಹಿಡಿದುಕೊಂಡೆ. ಇಬ್ಬರೂ ಸೇರಿ ಅವಳ ಹೆಸರು ಬರೆದೆವು. ಅವರು ಗುಂಡಿ ಒತ್ತಿ ಯಂತ್ರ ನಿಲ್ಲಿಸಿ, ವೈರು ಸುತ್ತಿ, ಎತ್ತಿಕೊಂಡು ಹೋದರು. ಆಮೇಲೆ ಕೋಣೆಯಲ್ಲಿ ಅವಳ ಉಸಿರೊಂದೇ ಕೇಳಿಸುತ್ತಿತ್ತು. ನಾನು ಅದನ್ನು ಎಣಿಸುತ್ತಾ ಕೂತೆ.