ಹಿತಕುವ ಮಿಷನ್ನಿನ ಪೂಜೆ

ಅವರೆ ಕಾಲ ಬಂತೆಂದರೆ ಪುಟ್ಟೇನಹಳ್ಳಿಯ ಅಂಜನಮ್ಮನ ಹೆಬ್ಬೆರಳಿನ ಉಗುರು ಕಪ್ಪಾಗುತ್ತಿತ್ತು. ನೆನೆಸಿದ ಕಾಳನ್ನು ಒಂದೊಂದಾಗಿ ಹಿತಕಿ, ಸಿಪ್ಪೆ ಜಾರಿಸಿ, ಬೇಳೆಯನ್ನು ಯಲಹಂಕದ ಹೋಟೆಲುಗಳಿಗೆ ಕೊಡುವುದು ಅತ್ತೆಯ ಕಾಲದಿಂದ ಬಂದ ಕೆಲಸ. ಬೆರಳು ಮಾಡುವುದನ್ನು ಎರಡು ರಬ್ಬರ್ ಉರುಳೆಗಳು ಯಾಕೆ ಮಾಡಬಾರದು ಎಂದು ಯೋಚಿಸಿದವಳೂ ಅವಳೇ. ಗ್ರಿಲ್ಲು, ಗೇಟು ಮಾಡುವ ಲಕ್ಕಣ್ಣನ ಶೆಡ್ಡಿನಲ್ಲಿ ವರ್ಷಗಟ್ಟಲೆ ಕೂತು, ಜಜ್ಜಿಹೋದ ಕಾಳನ್ನೆಲ್ಲ ಎಮ್ಮೆಗೆ ಹಾಕಿ, ಕಡೆಗೆ ಒಂದು ಉರುಳೆ ಇನ್ನೊಂದಕ್ಕಿಂತ ನಿಧಾನ ತಿರುಗಿದರೆ ಬೇಳೆ ಮುರಿಯದೆ ಈಚೆಗೆ ಬರುತ್ತದೆಂದು ಇಬ್ಬರೂ ಕಂಡುಕೊಂಡರು.

ಅದು 2014ರ ಆಯುಧಪೂಜೆಯ ಹೊತ್ತಿಗೆ. ಪೂಜೆಯಾಗದ ಹತಾರಕ್ಕೆ ಅವರ ಕಡೆ ಯಾರೂ ಕೆಲಸ ಹಚ್ಚುವುದಿಲ್ಲ. ಪೂಜೆಯೆಂದ ಮೇಲೆ ನಾಲ್ಕು ಜನರನ್ನು ಕರೆಯದೆ ಇರುವುದೂ ಇಲ್ಲ. ಮಿಷನ್ನಿಗೆ ಕುಂಕುಮವಿಟ್ಟು, ಬೂದುಗುಂಬಳ ಒಡೆದು, ನೆನೆಸಿದ ಒಣ ಅವರೆ ಸುರಿದು ಓಡಿಸಿದರು. ಯಶವಂತಪುರದಲ್ಲಿ ಗ್ರೈಂಡರ್ ಕಾರ್ಖಾನೆ ಇಟ್ಟಿದ್ದ, ಲಕ್ಕಣ್ಣನಿಗೆ ದೂರದ ನೆಂಟನಾದ ಆನಂದಪ್ಪನೂ ಬಂದಿದ್ದ.

"ಮುಚ್ಚಳ ತೆಗೆಸು ಲಕ್ಕಣ್ಣ, ಒಳಗೆ ಎಂಗೈತೆ ನೋಡಾನ," ಎಂದ, ಪ್ರಸಾದದ ಪುರಿ ಮುಕ್ಕುತ್ತ.

ಪೂಜೆಗೆ ಬಂದವರಿಗೆ ಇಲ್ಲವೆನ್ನುವುದುಂಟೆ? "ನೋಡಿ ಆನಂದಪ್ನೋರೆ, ಈ ಉರುಳೆ ನಿಧಾನ, ಅದು ಜೋರು," ಎಂದು ಅಂಜನಮ್ಮನೇ ಬಿಚ್ಚಿ ತೋರಿಸಿದಳು. ಅವನು ಮೊಬೈಲಿನಲ್ಲಿ ವೀಡಿಯೊ ಮಾಡಿಕೊಂಡ.

ಸಂಕ್ರಾಂತಿ ಕಳೆದ ಮೇಲೆ ಕೆಂಪಾಪುರದ ವಕೀಲೆ ರಮ್ಯ ಪೇಟೆಂಟಿಗೆ ಅರ್ಜಿ ಹಾಕಿದಳು. ಅರ್ಜಿ ಪೇಟೆಂಟ್ ಕಚೇರಿಯಲ್ಲಿ ಮಲಗಿರುವಾಗಲೇ ಆನಂದಪ್ಪನ ಮಿಷನ್ನು ಅಂಗಡಿಗೆ ಬಂತು. ವ್ಯಾಪಾರಿಗಳ ಸಂಘವೊಂದು 'ಹೊಸ ಶೋಧ' ಎಂದು ಅವನಿಗೆ ಶಾಲು ಹೊದಿಸಿ ಬಹುಮಾನವನ್ನೂ ಕೊಟ್ಟಿತು. ಸಾಲದ್ದಕ್ಕೆ ಅಂಜನಮ್ಮನ ಅರ್ಜಿಗೆ ತಕರಾರು ಹಾಕಿದವನೂ ಅವನೇ.

ನಾಲ್ಕೈದು ವರ್ಷ ಕಳೆದು ವಿಚಾರಣೆ ನಡೆದದ್ದು ರಮ್ಯಳ ಆಫೀಸಿನ ಕಂಪ್ಯೂಟರಿನಲ್ಲಿ. ಆನಂದಪ್ಪ ಸಾಕ್ಷಿಗೆಂದು ಕೊಟ್ಟ ವೀಡಿಯೊ ಓಡಿತು; ಪರದೆಯ ಮೇಲೆ ಅದೇ ಪೂಜೆ, ಅದೇ ಕುಂಕುಮ. "ಈ ಉರುಳೆ ನಿಧಾನ, ಅದು ಜೋರು" ಎನ್ನುವ ತನ್ನದೇ ದನಿ ಕೇಳಿ ಅಂಜನಮ್ಮನಿಗೆ ಮೈಯೆಲ್ಲ ಉರಿಯಿತು. ಅರ್ಜಿಗೆ ಮೊದಲೇ ಊರಿಗೆಲ್ಲ ತೋರಿಸಿದ್ದು ಹೊಸದು ಹೇಗಾಗುತ್ತದೆ ಎಂದು ಅಧಿಕಾರಿ ಅರ್ಜಿ ತಳ್ಳಿಹಾಕಿದರು.

"ಸರ್ಕಾರ ಗುರುತಿಸಿದ ವಸ್ತುಪ್ರದರ್ಶನದಲ್ಲಿ ಇಟ್ಟಿದ್ರೆ ಒಂದು ವರ್ಷ ವಿನಾಯ್ತಿ ಇತ್ತಮ್ಮಾ," ಎಂದಳು ರಮ್ಯ, ಕಣ್ಣು ತಪ್ಪಿಸಿ.

"ಮಿನಿಸ್ಟ್ರು ಟೇಪು ಕತ್ತರಿಸಿದ್ರೆ ಮಾಫಿ, ನಾವು ಕುಂಬಳಕಾಯಿ ಒಡೆದ್ರೆ ತಪ್ಪಾ? ಕದ್ದೋನ್ನ ಯಾರೂ ಕೇಳಂಗಿಲ್ವಾ?"

"ಕದ್ದಿಲ್ಲ, ನೀವೇ ತೋರಿಸಿದ್ರಿ ಅಂತಾರೆ."

"ಔದು, ತೋರಿಸ್ದೆ. ಬಾಯಾರಿ ಬಂದೋನಿಗೆ ನೀರು ಕೊಟ್ರೆ ಬಾವಿನೇ ಬರಕೊಟ್ಟಂಗಾ?"

ರಮ್ಯ ಫೈಲು ಮುಚ್ಚಿಟ್ಟಳು. ಚಪ್ಪಲಿ ಮೆಟ್ಟುತ್ತಿದ್ದ ಅಂಜನಮ್ಮ ಬಾಗಿಲಲ್ಲೇ ನಿಂತಳು. "ನಂದಲ್ಲ ಅಂದ್ರೆ, ಮಿಷನ್ನು ಅವನ್ದಾ?"

"ಅವ್ರದ್ದೂ ಅಲ್ಲ. ಯಾರು ಬೇಕಾದ್ರೂ ಮಾಡ್ಬೋದು."

"ಯಾರು ಬೇಕಾದ್ರೂವಾ?"

ಆ ವರ್ಷದ ಆಯುಧಪೂಜೆಗೆ ಅಂಜನಮ್ಮ ಮಿಷನ್ನಿಗೆ ಮುಚ್ಚಳವನ್ನೇ ಹಾಕಿಸಲಿಲ್ಲ. ನಾಗಸಂದ್ರದಿಂದ ಹೆಬ್ಬಾಳದವರೆಗೆ ಶೆಡ್ಡು ಇಟ್ಟವರಿಗೆಲ್ಲ ಲಕ್ಕಣ್ಣನ ಕೈಲಿ ಹೇಳಿ ಕಳಿಸಿದಳು. ಬಂದವರು ಬಗ್ಗಿ ಟೇಪು ಹಿಡಿದು ಅಳತೆ ತೆಗೆಯುತ್ತಿದ್ದರು. ಸುದ್ದಿ ತಿಳಿದು ಆನಂದಪ್ಪ ಕಾರಿನಲ್ಲಿ ಓಡಿಬಂದ.

"ಏನ್ ತಾಯಿ ಇದು? ಊರ್ನೋರೆಲ್ಲ ಮಾಡಕ್ಕೆ ಸುರು ಅಚ್ಕಂಡ್ರೆ ನನ್ ವ್ಯಾಪಾರದ ಗತಿ?"

ಅಂಜನಮ್ಮ ಅವನ ಅಂಗೈಗೆ ಒಂದು ಹಿಡಿ ಪುರಿ ಸುರಿದಳು. ಪೂಜೆಗೆ ಬಂದವನಿಗೆ ಇಲ್ಲವೆನ್ನಬಾರದು.

"ತಿನ್ನು," ಎಂದಳು. ಹಿಂದೆಂದೂ ಅವನನ್ನು ಏಕವಚನದಲ್ಲಿ ಕರೆದವಳಲ್ಲ. "ಆವತ್ತೂ ತಿಂದಿದ್ದೆ. ವೀಡಿಯೊನೂ ಮಾಡ್ಕಾ, ಇವತ್ತು ಎಲ್ರೂ ಮಾಡ್ಕತಾವ್ರೆ."

ಸಿಟ್ಟೇನೂ ಇಳಿದಿರಲಿಲ್ಲ. ಅದೇ ಸಿಟ್ಟಿನಲ್ಲಿ ಸ್ವಿಚ್ ಒತ್ತಿ, ಅವರೆಯ ಬುಟ್ಟಿಯನ್ನು ಎತ್ತಿ ಸುರಿದಳು.